ಹರಿಯಬೇಕಾದ ಹೊಲಿಗೆ

ಡ್ರೈವರ್ ಸೀಟಿನ ಬಲಮಗ್ಗುಲಿಗೆ ಬೆರಳು ತಗಲುವ ತನಕ ಕುಶನ್ ಮೇಷ್ಟ್ರಷ್ಟು ಸುಖಿ ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ.

ಮೇಷ್ಟ್ರು ಅಂದರೆ ಪಾಠ ಹೇಳುವವರಲ್ಲ. ಕಾರಿನದಿರಲಿ, ಬಸ್ಸಿನದಿರಲಿ, ಸೋಫಾ ಇರಲಿ, ಮನುಷ್ಯ ಕೂರುವ ಜಾಗಕ್ಕೆಲ್ಲ ಹೊದಿಕೆ ಹೊಲಿದು ಕೊಡುವ ಕುಶನ್ ಅಂಗಡಿ ಅವರದು. "ಬೆನ್ನು ನೆಟ್ಟಗಿಟ್ಟು ಕೂರಿ, ಸೀಟು ಹಾಳಾಗೋದು ಕೂರೋರಿಂದಲೇ" ಎಂದು ಬಂದ ಗಿರಾಕಿಗಳಿಗೆಲ್ಲ ಬುದ್ಧಿ ಹೇಳಿ ಹೇಳಿ ಆ ಬಿರುದು ಅಂಟಿಕೊಂಡಿತ್ತು. ಮೂವತ್ತು ವರ್ಷದಿಂದ ಅದೇ ಮಷೀನು, ಅದೇ ಮರದ ಸ್ಟೂಲು. ಊರಿಗೆಲ್ಲ ಮೆತ್ತೆ ಹೊಲಿದವರು ತಮ್ಮ ಸ್ಟೂಲಿಗೆ ಒಂದು ದಿಂಬು ಹೊಲಿದುಕೊಂಡಿರಲಿಲ್ಲ. ಮೆತ್ತಗೆ ಕೂತವನಿಗೆ ನಿದ್ದೆ ಬರುತ್ತದೆ ಎನ್ನುತ್ತಿದ್ದರು.

ಅವರಿಗಿದ್ದದ್ದು ಒಂದೇ ಹುಚ್ಚು, ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಮೂತಿ ಮುಂದೆ ಚಾಚಿದ್ದು. ಅಂಥವು ಅಂಗಡಿಗೆ ಎಷ್ಟೋ ಬಂದಿವೆ. ಸೀಟು ಬಿಚ್ಚಿ ಒಳಗೆ ತರುತ್ತಾರೆ, ಕಾರು ಹೊರಗೆ ಬಿಸಿಲಲ್ಲಿ ನಿಂತಿರುತ್ತದೆ. ಕೆಲಸದವರೆಲ್ಲ ಊಟಕ್ಕೆ ಹೋದಾಗ ಮೇಷ್ಟ್ರು ಆ ಸೀಟನ್ನು ಅಂಗಡಿಯ ಸಿಮೆಂಟು ನೆಲದ ಮೇಲಿಟ್ಟುಕೊಂಡು, ಕಾಲು ಚಾಚಿ ಕೂತು, ಎದುರಿಗಿದ್ದ ನೂಲಿನ ಕಪಾಟನ್ನು ರಸ್ತೆಯೆಂದುಕೊಂಡು ನೋಡುತ್ತಿದ್ದರು. ಸೀಟಿನಲ್ಲಿ ಕೂತದ್ದುಂಟು, ಕಾರಿನಲ್ಲಿ ಕೂತದ್ದಿಲ್ಲ.

ಹೆಂಡತಿ ಹತ್ತು ವರ್ಷ "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಬಾಯಿ ಮುಚ್ಚಿಸಿದ್ದರು. ಮಗಳು ಕೆಲಸಕ್ಕೆ ಸೇರಿದ ವರ್ಷ ತಾವಾಗಿಯೇ ಒಂದು ದಪ್ಪ ಲಕೋಟೆ ತಂದು ಗಂಡನ ಮುಂದಿಟ್ಟರು. "ಐವತ್ತೆರಡಾದ್ರೂ ಇಳೀದಿರೋ ಹುಚ್ಚು ಇನ್ನು ಇಳಿಯೋದಿಲ್ಲ, ತಗೊಂಡುಬಿಡಿ. ಆದ್ರೆ ಇದ್ರಲ್ಲಿ ಇರೋಷ್ಟೇ. ಇದರ ಮೇಲೆ ಒಂದು ಕಾಸು ಕೇಳಿದ್ರೂ ನೀವೂ ನಿಮ್ಮ ಕಾರೂ ಇಬ್ರೂ ಅಂಗಡೀಲೇ ಮಲಗಬೇಕಾಗತ್ತೆ."

ಲಕೋಟೆಯಲ್ಲಿದ್ದಷ್ಟಕ್ಕೆ ಸಿಗುವ ಸ್ಪೋರ್ಟ್ಸ್ ಕಾರು ಎಂಥದ್ದು ಎಂದು ಮೂರು ತಿಂಗಳಲ್ಲಿ ಗೊತ್ತಾಯಿತು. ಒಂದಕ್ಕೆ ಕಾಲಿಡುವ ಕಡೆ ತಳವೇ ಇರಲಿಲ್ಲ. ಇನ್ನೊಂದು ಪೆಟ್ರೋಲಿಗಿಂತ ಹೆಚ್ಚು ಆಯಿಲ್ ಕುಡಿಯುತ್ತಿತ್ತು. ಮತ್ತೊಂದರ ಮಾಲೀಕ ಇಂಜಿನ್ ಶುರುಮಾಡುವ ಮುಂಚೆ ಎಲ್ಲರನ್ನೂ ಎರಡು ಹೆಜ್ಜೆ ಹಿಂದಕ್ಕೆ ನಿಲ್ಲಿಸಿದ್ದ. ಜೊತೆಗೆ ಬರುತ್ತಿದ್ದವನು ಹೆಂಡತಿಯ ತಮ್ಮ. ಗ್ಯಾರೇಜು ಇಟ್ಟುಕೊಂಡಿದ್ದ ಈ ಬಾಮೈದನಿಗೆ ಭಾವ ಅಂದರೆ ಪ್ರಾಣ. ಪ್ರತಿ ಸಲವೂ ಕಾರಿನಡಿಗೆ ನುಗ್ಗಿ, ಅಂಗಿ ಕೊಳೆ ಮಾಡಿಕೊಂಡು ಬಂದು, "ಭಾವ, ಇದು ಬೇಡ. ಇದನ್ನ ತಗೊಂಡ್ರೆ ಅಕ್ಕ ನನ್ನನ್ನ ಮೊದಲು ಕೊಲ್ತಾಳೆ" ಎನ್ನುತ್ತಿದ್ದ.

ಈ ಭಾನುವಾರದ್ದು ಹಾಗಿರಲಿಲ್ಲ. ಹನ್ನೆರಡು ವರ್ಷ ಹಳೆಯ ಕೆಂಪು ಕಾರು, ಮನೆಯ ಪಕ್ಕದ ತಗಡಿನ ಷೆಡ್ಡಿನಲ್ಲಿ ಒರೆಸಿಟ್ಟದ್ದು. ಷೆಡ್ಡಿನ ಗೋಡೆಯ ಮೊಳೆಗಳಿಗೆ ಬ್ಯಾಡ್ಮಿಂಟನ್ ರಾಕೆಟ್ಟುಗಳು ನೇತುಬಿದ್ದಿದ್ದವು, ಅವುಗಳ ಮೇಲೆಲ್ಲ ಧೂಳು. ಮಾಲೀಕರು ಬ್ಯಾಡ್ಮಿಂಟನ್ ಕಲಿಸುವ ಕೋಚು. ಎತ್ತರದ ಆಳು, ಬಲಗೈಯನ್ನು ಮಾತ್ರ ಹೊಟ್ಟೆಗೆ ಒತ್ತಿ ಹಿಡಿದುಕೊಂಡೇ ಓಡಾಡುತ್ತಿದ್ದರು. ಷೆಡ್ಡಿಗೆ ತೆರೆದುಕೊಳ್ಳುವ ಕಿಟಕಿಯ ಆಚೆ ಅವರ ಹೆಂಡತಿ, ಶಾಲೆಯಲ್ಲಿ ಲೆಕ್ಕದ ಟೀಚರು, ಕೆಂಪು ಪೆನ್ನು ಹಿಡಿದು ಪರೀಕ್ಷೆಯ ಪೇಪರು ತಿದ್ದುತ್ತಿದ್ದರು.

"ನಾಲ್ಕು ಗಂಟೆಗೆ ಇನ್ನೊಬ್ಬರು ಬರ್ತಾರೆ" ಎಂದರು ಕೋಚು. "ಆಸ್ಪತ್ರೇಲಿ ನರ್ಸು. ಮೊದಲನೇ ಕಾರಂತೆ, ಕೇಳಿದ ಬೆಲೆ ಕೊಡ್ತೀನಿ ಅಂದಿದ್ದಾರೆ. ನೀವು ಮೊದಲು ಫೋನ್ ಮಾಡಿದ್ರಿ, ನಿಮಗೆ ಮೊದಲು ತೋರಿಸೋದು ಧರ್ಮ."

ಆಗ ಗಂಟೆ ಮೂರು ಆಗಿತ್ತು.

ಬಾಮೈದ ಎಂದಿನಂತೆ ನೆಲಕ್ಕೆ ಬಿದ್ದ. ಎದ್ದಾಗ ಅವನ ಮುಖದಲ್ಲಿ ನಗು. ಇಂಜಿನ್ ಶುರುಮಾಡಿ ಹೊಗೆ ಕೊಳವೆಗೆ ಬಿಳಿ ಕಾಗದ ಹಿಡಿದು ನೋಡಿದ, ಬೆಳ್ಳಗೇ ಇತ್ತು. ಆಮೇಲೆ ಎರಡೂ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಬಂದ. ಎಡಗಡೆಯದು ತಗಡಿನ ಸದ್ದು. ಬಲಗಡೆಯದು ಮಣ್ಣಿನ ಗೋಡೆ ತಟ್ಟಿದಂತೆ.

"ಈ ಬಾಗಿಲಿಗೆ ಏಟು ಬಿದ್ದಿದೆ ಸಾರ್."

"ಮುಚ್ಚಿಡಲ್ಲ" ಎಂದರು ಕೋಚು. "ಎರಡು ವರ್ಷದ ಹಿಂದೆ ಸಿಗ್ನಲ್‌ನಲ್ಲಿ ಒಂದು ವ್ಯಾನು ಬಂದು ಗುದ್ದಿತು. ಅದಕ್ಕೇ ಈ ಬೆಲೆ."

ಬಾಮೈದ ಭಾವನ ಕಡೆ ತಿರುಗಿ ಕಣ್ಣು ಹೊಡೆದ. ಚೌಕಾಸಿಗೆ ಹಿಡಿ ಸಿಕ್ಕಿತು ಎಂದರ್ಥ. ಕೀಲಿ ತಿರುಗಿಸಿ ಡ್ಯಾಶ್‌ಬೋರ್ಡಿನ ಸಣ್ಣ ದೀಪಗಳನ್ನು ನೋಡಿದ. "ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಇದು ಹತ್ತೋದೇ ಇಲ್ಲ."

"ಹತ್ತಿಕೊಂಡೇ ಇರ್ತಿತ್ತು. ಬಾಗಿಲು ರಿಪೇರಿ ಮಾಡಿದವರು ಆ ಬಲ್ಬೇ ಕಿತ್ತುಹಾಕಿದ್ರು."

"ಅದೊಂದು ಸಣ್ಣ ವಿಷಯ" ಎಂದು ಬಾಮೈದ ಅದನ್ನೂ ಬೆಲೆ ಇಳಿಸುವ ಪಟ್ಟಿಗೆ ಸೇರಿಸಿಕೊಂಡ. "ಕೂತು ನೋಡಿ ಭಾವ. ಹುಡುಗಿ ನೋಡೋಕೆ ಬಂದು ಬಾಗಿಲಲ್ಲೇ ನಿಂತ ಹಾಗೆ ನಿಂತಿದ್ದೀರಲ್ಲ!"

ಮೇಷ್ಟ್ರು ಕೂತರು. ಮೊದಲ ಸಲ ಅಂಥ ಸೀಟು ಕಾರಿನ ಒಳಗಿತ್ತು, ಎದುರಿಗೆ ನೂಲಿನ ಕಪಾಟಿರಲಿಲ್ಲ, ನಿಜವಾದ ಗಾಜು, ಗಾಜಿನಾಚೆ ನಿಜವಾದ ಬೀದಿ. ಎದೆ ತುಂಬಿ ಬಂತು. ಕೈ ತನ್ನ ಪಾಡಿಗೆ ತಾನು ಸೀಟಿನ ಬಲಮಗ್ಗುಲಿಗೆ ಹೋಯಿತು. ಎಲ್ಲಿ ಕೂತರೂ ಹೊಲಿಗೆ ತಡವಿ ನೋಡುವುದು ಅವರ ಕೈಗೆ ಅಂಟಿದ ಚಾಳಿ, ಬೀಗರ ಮನೆಯ ಸೋಫಾವನ್ನೂ ಬಿಟ್ಟವರಲ್ಲ.

ಚರ್ಮದ ಹೊದಿಕೆ, ಜೋಡಿ ಹೊಲಿಗೆ. ಸಾಲು ಮುಗಿದ ಕಡೆ ಮೂರು ಹೊಲಿಗೆ ಹಿಂದಕ್ಕೆ, ಒಂದು ಮುಂದಕ್ಕೆ, ನೂಲಿನ ತುದಿ ಒಳಮಡಿಕೆಗೆ ತೂರಿದ್ದು. ಆ ಥರ ಮುಗಿಸುವವರು ಊರಲ್ಲಿ ಒಬ್ಬರೇ, ಮತ್ತು ಆ ಒಬ್ಬರು ಈಗ ಆ ಸೀಟಿನ ಮೇಲೆಯೇ ಕೂತಿದ್ದರು.

ಬೆರಳನ್ನು ಹಿಂದಕ್ಕೆ ಎಳೆದುಕೊಂಡರು.

ಇದನ್ನು ಬಿಡಿಸಿ ಹೇಳಬೇಕು. ಇಂಥ ಕಾರಿನ ಸೀಟಿನ ಮಗ್ಗುಲಲ್ಲಿ, ಬಾಗಿಲಿನ ಕಡೆಗೆ, ಒಂದು ಏರ್‌ಬ್ಯಾಗನ್ನು ಮಡಚಿ ಇಟ್ಟಿರುತ್ತಾರೆ. ಪಕ್ಕದಿಂದ ಯಾರಾದರೂ ಗುದ್ದಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಉಬ್ಬಿ, ಹೊಲಿಗೆ ಹರಿದುಕೊಂಡು ಹೊರಗೆ ಬಂದು, ಮನುಷ್ಯನಿಗೂ ಬಾಗಿಲಿಗೂ ನಡುವೆ ದಿಂಬಿನಂತೆ ನಿಲ್ಲಬೇಕು. ಆದ್ದರಿಂದ ಅಷ್ಟುದ್ದದ ಹೊಲಿಗೆಯನ್ನು ಬೇಗ ಹರಿಯುವ ಬೇರೆಯದೇ ನೂಲಿನಲ್ಲಿ ಹೊಲಿಯಬೇಕು. ಜಗತ್ತಿನ ಹೊಲಿಗೆಗಳಲ್ಲೆಲ್ಲ ಹರಿಯುವುದಕ್ಕೆಂದೇ ಹಾಕುವ ಹೊಲಿಗೆ ಅದೊಂದೇ.

ಮೇಷ್ಟ್ರಿಗೆ ಇದು ಮೊದಲು ಗೊತ್ತಿರಲಿಲ್ಲ. ಅವರ ಅಂಗಡಿಯ ಹೆಸರು ನಿಂತದ್ದೇ ಗಟ್ಟಿ ಹೊಲಿಗೆಯ ಮೇಲೆ. ದಪ್ಪ ನೂಲು, ಜೋಡಿ ಸಾಲು, ಆನೆ ಕಟ್ಟಿ ಎಳೆದರೂ ಬಿಡದು ಎಂದು ಗಿರಾಕಿಗಳು ಹೊಗಳುತ್ತಿದ್ದರು. ಎಂಟು ವರ್ಷದ ಹಿಂದೆ ಈ ಕೆಂಪು ಕಾರನ್ನು ಇದರ ಮೊದಲ ಮಾಲೀಕ ತಂದಾಗಲೂ ಹಾಗೆಯೇ ಹೊಲಿದರು. ಎರಡು ವರ್ಷ ಕಳೆದ ಮೇಲೆ ನೂಲಿನ ವ್ಯಾಪಾರಿ ಒಂದು ಉಂಡೆ ತಂದು, "ಮೇಷ್ಟ್ರೇ, ಏರ್‌ಬ್ಯಾಗ್ ಸೀಟಿಗೆ ಇದನ್ನೇ ಹಾಕಿ, ಇದು ಹರಿಯೋ ನೂಲು" ಎಂದ. "ಹರಿಯೋ ನೂಲಿಗೆ ದುಡ್ಡು ಕೊಡೋ ಹುಚ್ಚ ಯಾರಯ್ಯ?" ಎಂದು ಮೇಷ್ಟ್ರು ನಕ್ಕಿದ್ದರು. ಅವನು ಕಾರಣ ಹೇಳಿದ ಮೇಲೆ ಆ ನಗು ಎಲ್ಲಿಗೆ ಹೋಯಿತೋ.

ಅಂಥ ಹನ್ನೊಂದು ಕಾರಿಗೆ ಅವರು ಗಟ್ಟಿ ಹೊಲಿಗೆ ಹಾಕಿಯಾಗಿತ್ತು. ಏಳು ಕೈಗೆ ಸಿಕ್ಕವು. "ಬಣ್ಣ ಮಾಸಿದೆ, ನನ್ನ ಹೆಸರು ಹಾಳಾಗತ್ತೆ, ಬಿಟ್ಟಿಯಾಗಿ ಬದಲಾಯಿಸ್ತೀನಿ" ಎಂದು ನೆವ ಹೇಳಿ ಬಿಚ್ಚಿ ಹೊಲಿದುಕೊಟ್ಟರು. ಮೊದಲು ಮಾಡಿದ್ದು ಬಾಮೈದನ ಕಾರಿನದು, ಅವನು ಅದನ್ನು ಭಾವನ ಪ್ರೀತಿಯೆಂದು ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ. ಉಳಿದ ನಾಲ್ಕು ಕೈ ಬದಲಾಗಿ ಎಲ್ಲೆಲ್ಲಿಗೋ ಹೋಗಿದ್ದವು. ಪತ್ತೆ ಮಾಡಬೇಕಿದ್ದರೆ ನಾಲ್ಕು ಜನರ ಹತ್ತಿರ ಬಾಯಿಬಿಡಬೇಕು, ಬಾಯಿಬಿಟ್ಟರೆ ಅಂಗಡಿಯ ಹೆಸರು ಮಣ್ಣುಪಾಲು. ಎಲ್ಲ ಕಾರಿಗೂ ಪಕ್ಕದಿಂದಲೇ ಏಟು ಬೀಳುತ್ತದೆಯೇ ಎಂದು ತಮಗೆ ತಾವೇ ಹೇಳಿಕೊಂಡು ಮೇಷ್ಟ್ರು ಸುಮ್ಮನಾಗಿದ್ದರು. ಆರು ವರ್ಷದಿಂದ ಸುಮ್ಮನಿದ್ದರು.

ಈಗ ಅಂಗೈಯಿಂದ ಆ ಮಗ್ಗುಲನ್ನು ಒತ್ತಿದರು. ಒಳಗಿನ ಸ್ಪಂಜು ಪುಟಿದು ಬರಬೇಕಿತ್ತು, ಬರಲಿಲ್ಲ. ಪುಡಿ ತುಂಬಿದ ಚೀಲ ಒತ್ತಿದ ಹಾಗಿತ್ತು.

"ಗುದ್ದಿದಾಗ" ಎಂದರು ಮೇಷ್ಟ್ರು. "ಈ ಕಡೆ ಬ್ಯಾಗು ತೆರ್ಕೊಳ್ತಾ?"

"ಎಲ್ಲಿ ತೆರ್ಕೊಳ್ತು?" ಕೋಚು ನಕ್ಕರು. ಆ ನಗು ಚೆನ್ನಾಗಿರಲಿಲ್ಲ. "ತೆರ್ಕೊಂಡಿದ್ರೆ ಈ ಕೈ ಹೀಗಿರ್ತಿತ್ತಾ? ಬಾಗಿಲು ಬಂದು ನೇರ ಭುಜಕ್ಕೆ ಹೊಡೀತು. ಎರಡು ಆಪರೇಷನ್ ಆಯ್ತು. ಹೆಗಲ ಮೇಲಕ್ಕೆ ಕೈ ಏಳಲ್ಲ. ಈಗ ಬಾಯಲ್ಲೇ ಆಟ ಕಲಿಸ್ತೀನಿ, ಕೈಯಲ್ಲಿ ತೋರಿಸೋಕಾಗಲ್ಲ. ವಿಮೆಯವರು ಕಾಗದ ಕಳಿಸಿದ್ರು. ಬ್ಯಾಗು ತೆರೆಯುವಷ್ಟು ದೊಡ್ಡ ಏಟೇ ಅಲ್ಲ, ಸಣ್ಣ ಏಟು. ಅಷ್ಟಕ್ಕೇ ಭುಜ ಮುರಿದಿದೆ ಅಂದ್ರೆ ನೀವು ಬೆಲ್ಟ್ ಹಾಕಿರಲಿಲ್ಲ, ಅಂತ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಆಸ್ಪತ್ರೆ ಖರ್ಚಿಗೆ ಒಂದು ಪೈಸೆ ಕೊಡಲಿಲ್ಲ."

"ಹಾಕಿದ್ರಾ?" ಎಂದ ಬಾಮೈದ, ಕೇಳಬಾರದ್ದನ್ನು ಕೇಳುವುದರಲ್ಲಿ ಅವನು ಎತ್ತಿದ ಕೈ.

"ಹಾಕಿದ್ದೆ."

ಕಿಟಕಿಯಾಚೆ ಕೆಂಪು ಪೆನ್ನು ನಿಂತಿತು. "ಕಾಗದದಲ್ಲಿ ಬರೆದಿದ್ದಾರೆ" ಎಂದರು ಲೆಕ್ಕದ ಟೀಚರು, ತಲೆ ಎತ್ತದೆ. "ಸುಮ್ ಸುಮ್ನೆ ಬರೀತಾರಾ? ಹತ್ತಿರದ ಅಂಗಡಿಗೆ ಹೋಗೋವಾಗ ಇವರು ಯಾವತ್ತು ಬೆಲ್ಟ್ ಹಾಕಿದ್ದಾರೆ?"

"ಅವತ್ತು ಹಾಕಿದ್ದೆ ಕಣೇ."

"ಆಯ್ತು ಬಿಡಿ."

ಎಷ್ಟು ಸಲ ಆಡಿದ ಮಾತೋ ಅದು. ಇಬ್ಬರಿಗೂ ದನಿ ಏರಿಸುವಷ್ಟು ಶಕ್ತಿ ಉಳಿದಿರಲಿಲ್ಲ. ಪೆನ್ನು ಮತ್ತೆ ಓಡತೊಡಗಿತು.

ಕೋಚು ಕಾರಿನ ಬಾಗಿಲಿಗೆ ಒರಗಿ ದನಿ ತಗ್ಗಿಸಿದರು. "ಎರಡು ವರ್ಷದಿಂದ ಇದೇ ಸಾರ್. ಕೈ ಹೋಗಿದ್ದಕ್ಕಲ್ಲ, ನಾನು ಸುಳ್ಳು ಹೇಳ್ತಿದ್ದೀನಿ ಅಂತ ಅವಳಿಗೆ ಸಿಟ್ಟು. ಕಣ್ಣೆದುರಿಗೆ ಈ ಗಾಡಿ ಇದ್ರೆ ದಿನಾ ಅದೇ ನೆನಪು. ಅದಕ್ಕೇ ಮಾರ್ತಿರೋದು." ಎಡಗೈಯಿಂದ ಸೀಟನ್ನು ಸವರಿದರು. "ಆದ್ರೂ ಸೀಟು ನೋಡಿ. ಇಡೀ ಗಾಡೀಲಿ ಏನೂ ಆಗದೆ ಉಳಿದಿದ್ದು ಇದೊಂದೇ. ಯಾವ ಪುಣ್ಯಾತ್ಮ ಹೊಲಿದನೋ."

ಮೇಷ್ಟ್ರು ಕಾರಿನಿಂದ ಇಳಿದರು. ಇಳಿಯುವಾಗ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ನೋವಾದದ್ದು ಗೊತ್ತಾಗಲಿಲ್ಲ.

ಬಾಮೈದ ಆಗಲೇ ಚೌಕಾಸಿಗೆ ಇಳಿದಿದ್ದ. ಬಾಗಿಲಿಗೆ ಇಷ್ಟು ಕಡಿಮೆ, ದೀಪಕ್ಕೆ ಇಷ್ಟು, ಟಯರಿಗೆ ಇಷ್ಟು. ಕೋಚು ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ಇಳಿಯುತ್ತ ಬಂದರು. ಕೊನೆಗೆ ನಿಂತದ್ದು ಲಕೋಟೆಯ ಒಳಗೆ. ಒಳಗೆ ನಿಂತದ್ದಲ್ಲದೆ ಒಂದು ಸಲ ಪೆಟ್ರೋಲು ಹಾಕಿಸುವಷ್ಟು ಮಿಕ್ಕಿಯೂ ಇತ್ತು. ಮೂರು ತಿಂಗಳು ಅಲೆದರೂ ಸಿಗದ ಭಾಗ್ಯ. "ಭಾವ, ಕೊಡಿ ಬೇಗ" ಎಂದು ಬಾಮೈದ ಮೊಣಕೈಯಿಂದ ತಿವಿದ. "ಆ ನರ್ಸಮ್ಮ ಬಂದ್ರೆ ಮುಗೀತು."

ಬುದ್ಧಿ ಎನ್ನುವುದು ಇಂಥ ಹೊತ್ತಿನಲ್ಲಿ ವಕೀಲನಂತೆ ಮಾತಾಡುತ್ತದೆ. ಮೇಷ್ಟ್ರ ಬುದ್ಧಿಯೂ ಮಾತಾಡಿತು. ಬಿಟ್ಟು ಹೋದರೆ ಆ ನರ್ಸು ಬಂದು ಇದೇ ಸೀಟಿನಲ್ಲಿ ಕೂರುತ್ತಾಳೆ, ಅದು ಪಾಪ. ಕೊಂಡುಕೊಂಡರೆ ಇವತ್ತೇ ಅಂಗಡಿಗೆ ಒಯ್ದು ಶಟರ್ ಎಳೆದು ಬಿಚ್ಚಬಹುದು. ಒಳಗೆ ಏನಿದ್ದರೂ ತಾವೊಬ್ಬರೇ ನೋಡುವುದು. ಹೊಸ ಬ್ಯಾಗು, ಹೊಸ ನೂಲು, ಕಾರೂ ತಮ್ಮದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಷ್ಟಕ್ಕೂ ಕೈ ಹೋದವರದು ಹೋಗಿಯಾಯಿತು, ಈಗ ಹೇಳಿದರೆ ಮೂಳೆ ಕೂಡಿಕೊಳ್ಳುತ್ತದೆಯೇ?

ಮೇಷ್ಟ್ರು ಲಕೋಟೆ ಕೊಟ್ಟರು.

ಎಲ್ಲರೂ ಒಳಗೆ ಹೋದರು. ಮುಂದಿನ ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಪೇಪರುಗಳ ಕಟ್ಟು. ಟೀಚರು ಅದನ್ನು ಪಕ್ಕಕ್ಕೆ ಸರಿಸಿ ಹಣ ಎಣಿಸತೊಡಗಿದರು, ಒಂದೇ ಕೈಯಲ್ಲಿ ನೋಟು ಎಣಿಸಲು ಗಂಡನಿಗೆ ಆಗದು. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಇಪ್ಪತ್ತು ನಿಮಿಷ. ಕೋಚು ಕಾರಿನ ಕಾಗದಪತ್ರದ ಫೈಲು ತಂದು, ಎಡಗೈಯಲ್ಲೇ ಒಂದೊಂದಾಗಿ ತೆಗೆದು ಹೊಸ ಮಾಲೀಕರ ಮುಂದಿಟ್ಟರು. ಅವರು ತೋರಿಸಿದ ಕಡೆಯೆಲ್ಲ ಮೇಷ್ಟ್ರು ರುಜು ಹಾಕಿದರು. ಬಾಮೈದ ಆಗಲೇ ಅಕ್ಕನಿಗೆ ಫೋನು ಮಾಡಿ, "ಸಿಕ್ತು ಕಣಕ್ಕ, ಬಂಗಾರದಂಥ ಗಾಡಿ" ಎನ್ನುತ್ತಿದ್ದ.

ಫೈಲಿನ ತಳದಲ್ಲಿ ಒಂದು ಕಾಗದ ಉಳಿಯಿತು. ನಾಲ್ಕು ಮಡಿಕೆ ಮಡಚಿ, ಬಿಚ್ಚಿ, ಮತ್ತೆ ಮಡಚಿ ಅಂಚು ಹರಿದದ್ದು. ವಿಮೆಯವರದು ಎಂದು ಮೇಷ್ಟ್ರಿಗೆ ಹೇಳದೆಯೇ ತಿಳಿಯಿತು.

"ಇದನ್ನೂ ತಗೊಂಡು ಹೋಗಿಬಿಡಿ" ಎಂದರು ಕೋಚು. "ಗಾಡಿ ಜೊತೆ ಹೋಗ್ಲಿ."

ಟೀಚರು ಎಣಿಕೆ ನಿಲ್ಲಿಸಿ ಕೈ ಚಾಚಿ ಆ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. "ಇದು ಗಾಡೀದಲ್ಲ. ನಿಮ್ಮದು."

ಕೋಚು ಕೂತಲ್ಲೇ ಒಂದಿಷ್ಟು ಚಿಕ್ಕವರಾದಂತೆ ಕಂಡರು. ಆ ಮುಖ ನೋಡಿದ ಮೇಲೆ ಮೇಷ್ಟ್ರ ವಕೀಲನ ಬಾಯಿ ಬಿದ್ದುಹೋಯಿತು. ಕೋಚು ಕೊಟ್ಟಿದ್ದ ಕಾರಿನ ಕೀಲಿ ಮೇಷ್ಟ್ರ ಅಂಗೈಯಲ್ಲೇ ಇತ್ತು, ಬೆವರಿನಿಂದ ಜಾರುತ್ತಿತ್ತು. ಅದನ್ನು ಮೇಜಿನ ಮೇಲಿಟ್ಟರು.

"ಆ ಸೀಟು ಹೊಲಿದೋನು ನಾನೇ."

"ಓ!" ಎಂದರು ಕೋಚು, ಸಂತೋಷದಿಂದಲೇ. "ಮೊದಲೇ ಹೇಳಬಾರದಿತ್ತಾ?"

"ಹೊಗಳಬೇಡಿ. ಅಲ್ಲಿ ಅಷ್ಟು ಗಟ್ಟಿಯಾಗಿ ಹೊಲೀಬಾರದಿತ್ತು. ಬ್ಯಾಗು ಹರಿದುಕೊಂಡು ಬರೋ ಜಾಗ ಅದು. ನನಗೆ ಆಗ ಗೊತ್ತಿರಲಿಲ್ಲ. ನಿಮ್ಮ ಬ್ಯಾಗು ಸಿಡಿದಿತ್ತೇನೋ. ಹೊರಗೆ ಬರೋಕೆ ನನ್ನ ಹೊಲಿಗೆ ಬಿಟ್ಟಿಲ್ಲವೇನೋ."

ಬಾಮೈದ ಫೋನನ್ನು ಕಿವಿಯಿಂದ ಕೆಳಗಿಳಿಸಿದ, ಅದರೊಳಗೆ ಅಕ್ಕ "ಹಲೋ, ಹಲೋ" ಎನ್ನುತ್ತಲೇ ಇದ್ದಳು.

ಮೊದಲು ಎದ್ದವರು ಟೀಚರು. "ಏನೋ ಅಂದ್ರೆ ಏನು? ಸಿಡಿದಿತ್ತೋ ಇಲ್ವೋ?"

"ಬಿಚ್ಚಿ ನೋಡಿದ್ರೆ ಗೊತ್ತಾಗತ್ತೆ."

ಮತ್ತೆ ಷೆಡ್ಡು. ಮೇಷ್ಟ್ರು ಜೇಬಿನಿಂದ ಹೊಲಿಗೆ ಬಿಚ್ಚುವ ಸಣ್ಣ ಬ್ಲೇಡು ತೆಗೆದರು. ಬಾಮೈದ ಅವರ ಮಣಿಕಟ್ಟು ಹಿಡಿದ. "ಭಾವ, ತಡೀರಿ. ಸಿಡಿಯದೆ ಒಳಗೇ ಕೂತಿದ್ರೆ ಈಗ ಸಿಡಿಯತ್ತೆ. ಮುಖ ಹೋಗತ್ತೆ." ಬಾನೆಟ್ಟು ಎತ್ತಿ ಬ್ಯಾಟರಿಯ ತಂತಿ ಕಿತ್ತ. ಕಿತ್ತ ಮೇಲೂ ಹದಿನೈದು ನಿಮಿಷ ಕಾಯಬೇಕು, ತಂತಿಯಲ್ಲಿ ಉಳಿದ ಕರೆಂಟು ಇಳಿಯಬೇಕು ಎಂದ.

ಆ ಹದಿನೈದು ನಿಮಿಷ ನಾಲ್ಕು ಜನ ಒಂದು ಸೀಟನ್ನು ನೋಡುತ್ತ ನಿಂತರು. ಮೇಷ್ಟ್ರಿಗೆ ಆಗ ಒಂದು ಆಸೆ ಹುಟ್ಟಿತು, ನಾಚಿಕೆಗೆಟ್ಟ ಆಸೆ. ಬ್ಯಾಗು ಮಡಚಿದ ಮಡಿಕೆಯಲ್ಲೇ ಇರಬಾರದೇ? ಹಾಗಿದ್ದರೆ ವಿಮೆಯವರು ಹೇಳಿದ್ದೇ ಸರಿ, ಏಟು ಸಣ್ಣದು, ಈ ಮನುಷ್ಯ ಬೆಲ್ಟ್ ಹಾಕಿರಲಿಲ್ಲ, ತಪ್ಪು ತಮ್ಮದಲ್ಲ. ಲಕೋಟೆಯೂ ಕೊಟ್ಟಾಗಿದೆ, ಕಾರು ತಮ್ಮದೇ. ಆಸೆ ಪಡುತ್ತಲೇ ಕೋಚಿನ ಕಡೆ ನೋಡಿದರು. ಕೋಚು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ರೆಪ್ಪೆ ಬಡಿಯದೆ ಹೆಂಡತಿಯನ್ನೇ ನೋಡುತ್ತಿದ್ದರು. ಮೇಷ್ಟ್ರು ನೆಲ ನೋಡಿದರು.

"ಈಗ ಮಾಡಿ" ಎಂದ ಬಾಮೈದ.

ತಮ್ಮ ಹೊಲಿಗೆಯನ್ನು ತಾವೇ ಬಿಚ್ಚುವುದು ಮೇಷ್ಟ್ರಿಗೆ ಹೊಸದಲ್ಲ. ಆದರೆ ಈ ಹೊಲಿಗೆ ಬಿಡಲೊಲ್ಲದು. ಜೋಡಿ ಸಾಲು, ಒಂದೊಂದು ಎಳೆಗೂ ಬ್ಲೇಡು ಒತ್ತಬೇಕು. ಬ್ಲೇಡು ಜಾರಿ ಬೆರಳು ಕೊಯ್ದುಕೊಂಡರು. ನಾಲ್ಕು ಬೆರಳಿನಗಲ ತೆರೆದಾಗ ಸ್ಪಂಜಿನ ಹಳದಿ ಪುಡಿ ಉದುರಿತು. ಇನ್ನೂ ನಾಲ್ಕು ಬೆರಳು ತೆರೆದಾಗ ಬಿಳಿ ಬಟ್ಟೆ ಕಂಡಿತು. ಮಡಿಕೆಯಲ್ಲಿರಲಿಲ್ಲ. ಮುದ್ದೆಯಾಗಿ, ಅಂಚೆಲ್ಲ ಕಂದು ಬಣ್ಣಕ್ಕೆ ಸುಟ್ಟು, ಹೊಲಿಗೆಯ ಬೆನ್ನಿಗೇ ಒತ್ತಿಕೊಂಡಿತ್ತು.

ಬಾಮೈದ ಬಗ್ಗಿ ನೋಡಿದ. "ಸಿಡಿದಿದೆ" ಎಂದ. "ಒಳಗೇ ಸಿಡಿದಿದೆ. ದಾರಿ ಸಿಗದೆ ಹಿಂದಕ್ಕೆ ನುಗ್ಗಿ ಸ್ಪಂಜೆಲ್ಲ ಪುಡಿ ಮಾಡಿದೆ."

ಟೀಚರು ಕೈಯಲ್ಲಿದ್ದ ಕಾಗದ ಬಿಚ್ಚಿದರು. ಓದಲಿಲ್ಲ, ಬಾಯಿಪಾಠವಾಗಿತ್ತೇನೋ. "ಏಟು ಸಣ್ಣದು ಅನ್ನೋದು ಮೊದಲನೇ ಸಾಲು" ಎಂದರು, ಯಾರಿಗೂ ಅಲ್ಲದಂತೆ. "ಅದರ ಮೇಲೇ ಉಳಿದಿದ್ದೆಲ್ಲ. ಮೊದಲನೇ ಸಾಲೇ ತಪ್ಪಿದ್ರೆ ಉತ್ತರ ಹೇಗೆ ಸರಿ ಬರತ್ತೆ? ನಾನು ಅದನ್ನೇ ನೋಡಲಿಲ್ಲವಲ್ಲ." ಗಂಡನ ಕಡೆ ತಿರುಗಿದರು. "ನೀವು ಬೆಲ್ಟ್ ಹಾಕಿದ್ರಿ."

"ಹೇಳ್ದೆ ಕಣೇ" ಎಂದರು ಕೋಚು. "ಎಷ್ಟು ಸಲ ಹೇಳ್ದೆ." ಅಷ್ಟು ಹೇಳುವುದರಲ್ಲಿ ಆ ಎತ್ತರದ ಮನುಷ್ಯನ ಗದ್ದ ನಡುಗತೊಡಗಿತು. ಟೀಚರು ಹೋಗಿ ಏಳದ ಆ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಿಡಿದುಕೊಂಡು ಅತ್ತರು. ಮೇಷ್ಟ್ರು ಬ್ಲೇಡು ಹಿಡಿದು ಅಲ್ಲೇ ನಿಂತಿದ್ದರು. ಅವರು ಅಲ್ಲಿರುವುದನ್ನು ಒಂದಷ್ಟು ಹೊತ್ತು ಎಲ್ಲರೂ ಮರೆತರು.

ಬೀದಿಯಲ್ಲಿ ಒಂದು ಆಟೋ ನಿಂತ ಸದ್ದಾಯಿತು. ನರ್ಸು ಬಂದಿದ್ದಳು. ಕೋಚು ಗೇಟಿಗೆ ಹೋಗಿ, ಗಾಡಿ ಮಾರುವುದಿಲ್ಲ ಎಂದು ಹೇಳಿ ಕಳಿಸಿದರು. ವಾಪಸು ಬಂದು ಮೇಷ್ಟ್ರ ಮುಂದೆ ಲಕೋಟೆ ಹಿಡಿದರು. "ನಿಮಗೂ ಇಲ್ಲ. ಇದು ಈಗ ಸಾಕ್ಷಿ."

ಮೇಷ್ಟ್ರು ಲಕೋಟೆ ತೆಗೆದುಕೊಂಡರು. ಕಾರು ಹೋಯಿತೆಂದು ನೋವಾಗಬೇಕಿತ್ತು, ಆಯಿತು ಕೂಡ. ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ಬರೆದುಕೊಡಿ" ಎಂದರು ಟೀಚರು. ಕಣ್ಣು ಒರೆಸಿಕೊಂಡಾಗಿತ್ತು, ದನಿ ಶಾಲೆಯದಾಗಿತ್ತು. ಕೋಣೆಗೆ ಕರೆದು ಮೇಜಿನ ಮುಂದೆ ಕೂರಿಸಿ ಒಂದು ಹಾಳೆ ಕೊಟ್ಟರು, ಕೈಗೆ ಸಿಕ್ಕ ಕೆಂಪು ಪೆನ್ನನ್ನೇ ಕೊಟ್ಟರು. ಮೇಷ್ಟ್ರು ಬರೆದರು. ಅಂಗಡಿಯ ವಿಳಾಸ, ಹೊಲಿದ ವರ್ಷ, ಹಾಕಿದ ನೂಲು. ಅದು ಹರಿಯಬೇಕಾದ ಹೊಲಿಗೆ ಎಂದು ತನಗೆ ಗೊತ್ತಿರಲಿಲ್ಲ ಎಂದು ಬರೆದು ರುಜು ಹಾಕಿದರು.

ಬಾಮೈದ ಬಾಗಿಲಿಗೆ ಒರಗಿ ನಿಂತಿದ್ದ. ಅವನಿಗೆ ಈಗಷ್ಟೇ ಏನೋ ಹೊಳೆದಿತ್ತು. "ಭಾವ, ನನ್ನ ಗಾಡಿ ಸೀಟು ಬಿಚ್ಚಿ ಹೊಸದು ಹೊಲಿದುಕೊಟ್ರಲ್ಲ. ಬಿಟ್ಟಿಯಾಗಿ. ಅದೂ ಇದಕ್ಕೇನಾ?"

ಮೇಷ್ಟ್ರು ಕೆಂಪು ಪೆನ್ನನ್ನು ಮೇಜಿನ ಮೇಲಿಟ್ಟರು.

"ನಾನು ಪ್ರೀತಿಗೆ ಮಾಡಿದ್ರಿ ಅಂದ್ಕೊಂಡಿದ್ದೆ" ಎಂದ ಬಾಮೈದ.

"ಅದು ಯಾವಾಗ?" ಎಂದರು ಟೀಚರು.

"ಆರು ವರ್ಷ ಆಯ್ತು" ಎಂದ ಅವನು.

ಟೀಚರು ಹಾಳೆಯನ್ನು ಕೈಗೆತ್ತಿಕೊಂಡು ಓದಿದರು. ಕಳೆಯುವ ಲೆಕ್ಕ ಮಾಡಲು ಅವರಿಗೆ ಹೊತ್ತು ಬೇಕಿರಲಿಲ್ಲ. ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ. ಹುಡುಗರ ಪೇಪರು ವಾಪಸು ಕೊಡುವಂತೆ ಹಾಳೆಯನ್ನು ಮೇಷ್ಟ್ರ ಮುಂದೆ ಮತ್ತೆ ಇಟ್ಟರು.

"ಗೊತ್ತಿರಲಿಲ್ಲ ಅಂತ ಬರೆದಿದ್ದೀರಿ. ಆರು ವರ್ಷದ ಹಿಂದೆ ಗೊತ್ತಾಗಿದೆ. ಇವರಿಗೆ ಗುದ್ದಿದ್ದು ಎರಡು ವರ್ಷದ ಹಿಂದೆ."

ಮೇಷ್ಟ್ರು ಬಾಮೈದನ ಕಡೆ ನೋಡಿದರು. ಅವನು ಕಿಟಕಿಯ ಆಚೆ ನೋಡುತ್ತಿದ್ದ. ಕೋಚಿನ ಕಡೆ ನೋಡುವ ಧೈರ್ಯ ಬರಲಿಲ್ಲ. ಪೆನ್ನು ತೆಗೆದುಕೊಂಡು, ರುಜುವಿನ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದರು: ಏಟು ಬೀಳುವ ಮುಂಚೆ ನಾಲ್ಕು ವರ್ಷ ಗೊತ್ತಿದ್ದೂ ಸುಮ್ಮನಿದ್ದೆ. ಇಂಥ ಇನ್ನೂ ಮೂರು ಕಾರು ರಸ್ತೆಯಲ್ಲಿವೆ.